ಮಗಳನ್ನು ಲೆಕ್ಕಕ್ಕೆ ಹಿಡಿಯದ ಮನೆ

ಬೇರೆ ಊರಿನಿಂದ ದುಡಿಮೆಗೆಂದು ಬೆಂಗಳೂರಿಗೆ ಬರುವವರಿಗೆ ಕೆಲಸ ಹುಡುಕುವುದು ಒಂದು ಕಷ್ಟ. ಕೆಲಸ ಸಿಕ್ಕಿದ ಮೇಲೆ ಮನೆ ಹುಡುಕುವುದು ಇನ್ನೊಂದು ಕಷ್ಟ. ರಾಜಾಜಿನಗರದ ಕಾರ್ಖಾನೆಗಳ ಗೇಟಿನಲ್ಲಿ ‘ಫಿಟ್ಟರ್ ಬೇಕಾಗಿದ್ದಾರೆ’ ಎಂಬ ಬೋರ್ಡು ಆಗಾಗ ಕಾಣುತ್ತದೆ. ವಿಜಯನಗರದ ಬೀದಿಗಳಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡೂ ಕಾಣುತ್ತದೆ. ಆದರೆ ಆ ಬಾಗಿಲು ತಟ್ಟಿ ನೋಡಿದವರಿಗೆ ಗೊತ್ತು, ಒಳಗಿನಿಂದ ಬರುವ ಮೊದಲ ಮಾತು ಬಾಡಿಗೆಯದಲ್ಲ.

“ಎಷ್ಟು ಜನ ಇದೀರಿ?”

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಶಂಭುಲಿಂಗಪ್ಪನಿಗೂ ಇದೇ ಪ್ರಶ್ನೆ ಎದುರಾಯಿತು. ಅವನು ದಾವಣಗೆರೆಯವನು. ಅಲ್ಲಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದವನಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮೊದಲು ಒಬ್ಬನೇ ಬಂದು, ಜೊತೆ ಕೆಲಸಗಾರರ ಕೋಣೆಯಲ್ಲಿ ಮಲಗಿಕೊಂಡು, ಸಂಜೆ ಸೈಕಲ್ ತುಳಿದು ಮನೆ ಹುಡುಕಿದ. ಹೋದಲ್ಲೆಲ್ಲ ನಿಜವನ್ನೇ ಹೇಳಿದ. “ನಾವು ನಾಲ್ಕು ಮಂದಿ ರೀ. ನಾನು, ನನ್ನ ಹೆಂಡ್ತಿ, ಒಬ್ಬಾಕಿ ಮಗಳು, ಒಂದು ಕೈಗೂಸು.” ಒಬ್ಬರು, “ಮಕ್ಕಳಿದ್ರೆ ಗೋಡೆ ಹಾಳಾಗುತ್ತೆ” ಅಂದರು. ಇನ್ನೊಬ್ಬರು, “ಇಬ್ಬರೇ ಇದ್ರೆ ನೋಡಬಹುದಿತ್ತು” ಅಂದರು. ಮತ್ತೊಬ್ಬರು ಏನೂ ಹೇಳದೆ ಬಾಗಿಲು ಹಾಕಿಕೊಂಡರು.

ಆಮೇಲೆ ವಿಜಯನಗರದ ಒಂದು ವಠಾರಕ್ಕೆ ಬಂದ. ಅಂಗಳದ ಸುತ್ತ ನಾಲ್ಕು ಬಾಡಿಗೆ ಮನೆಗಳು, ಮಹಡಿಯ ಮೇಲೆ ಮಾಲೀಕರಾದ ಪದ್ಮನಾಭಯ್ಯನವರು. ಅವರೂ ಅದೇ ಪ್ರಶ್ನೆ ಕೇಳಿದರು. ಶಂಭುಲಿಂಗಪ್ಪನ ಬಾಯಿಂದ “ಮೂವರು ರೀ” ಎಂದು ಬಂದುಬಿಟ್ಟಿತು.

“ಮಗು?”

“ಒಂದೇ ರೀ. ಗಂಡು ಕೂಸು. ಇನ್ನೂ ತೆವಳತೈತಿ.”

“ಸರಿ. ಒಂದನೇ ತಾರೀಖು ಬನ್ನಿ.”

ಹೀಗೆ ಮನೆ ಸಿಕ್ಕಿತು. ಅದರಲ್ಲಿ ಆರು ವರ್ಷದ ಗಿರಿಜಾಳಿಗೆ ಜಾಗ ಇರಲಿಲ್ಲ.

ಅವಳನ್ನು ಊರಿನಲ್ಲಿ ಬಿಟ್ಟು ಬರಲು ತಾಯಿ ನೀಲಮ್ಮ ಒಪ್ಪಲಿಲ್ಲ. ನಾಲ್ವರೂ ರೈಲು ಹತ್ತಿದರು. ತುಮಕೂರು ದಾಟಿದ ಮೇಲೆ ಶಂಭುಲಿಂಗಪ್ಪ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ.

“ಗಿರಿಜಾ, ಇಲ್ಲಿ ನೋಡು. ಆ ಮನೆಯಾಗ ನೀನು ನಮ್ಮ ಅಣ್ಣನ ಮಗಳು. ಸ್ವಲ್ಪ ದಿವಸ ಇರಾಕ ಬಂದೀಯ. ಯಾರಾರ ಕೇಳಿದ್ರ ಹಂಗ ಹೇಳಬೇಕು.”

“ಮತ್ತ ಅವ್ವನ್ನ ಏನನ್ನಲಿ?”

“ಚಿಗವ್ವ ಅನ್ನು.”

“ನಿನ್ನ?”

“ಚಿಗಪ್ಪ.”

ಗಿರಿಜಾ ಸ್ವಲ್ಪ ಯೋಚಿಸಿದಳು. “ತಮ್ಮನ್ನ?”

“ತಮ್ಮ ಅಂದ್ರ ತಮ್ಮನ. ಅದನ್ನೇನೂ ಬದಲಿ ಮಾಡೂದು ಬ್ಯಾಡ.”

ಅವಳಿಗೆ ನಗು ಬಂತು. ಹೊಸ ಆಟ ಕಲಿತಂತೆ, ರೈಲು ನಿಲ್ಲುವ ತನಕ ಚಿಗವ್ವಾ ಚಿಗವ್ವಾ ಎಂದು ಕೂಗಿ ಕೂಗಿ ರೂಢಿ ಮಾಡಿಕೊಂಡಳು. ನೀಲಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂಸಿಗೆ ಹಾಲು ಕುಡಿಸುತ್ತಿದ್ದಳು.

ವಠಾರದಲ್ಲಿ ಒಂದೇ ನಲ್ಲಿ. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಬರುತ್ತದೆ. ಜಗಳವಾಗದಿರಲೆಂದು ಪದ್ಮನಾಭಯ್ಯನವರು ಒಂದು ಕ್ರಮ ಮಾಡಿದ್ದರು. ಮನೆಗೆ ಇಷ್ಟು ಎಂದಲ್ಲ, ತಲೆಗೆ ಎರಡು ಬಿಂದಿಗೆ. ಹೆಚ್ಚು ಜನವಿದ್ದರೆ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಅವರು ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂತು ನೋಡಿಕೊಳ್ಳುತ್ತಿದ್ದರು. ತಲೆ ಎತ್ತದೆಯೇ, “ಮೂರನೇ ಮನೆಯವರದು ಆಯ್ತು, ಮುಂದಿನವರು ಬನ್ನಿ” ಎನ್ನುತ್ತಿದ್ದರು. ನೆಂಟರಿಗೆ ಲೆಕ್ಕವಿಲ್ಲ.

ಗಿರಿಜಾ ನೆಂಟಳು. ಅವಳ ಪಾಲಿನ ನೀರು ಬರುತ್ತಿರಲಿಲ್ಲ. ನೀಲಮ್ಮ ಬೆಳಗಾಗುವ ಮೊದಲೇ ಎದ್ದು ರಸ್ತೆ ಕೊನೆಯ ಬೀದಿ ನಲ್ಲಿಯಿಂದ ಒಂದು ಕೊಡ ಹೊತ್ತು ತರುತ್ತಿದ್ದಳು. ಅದೂ ಸಿಗದ ದಿನ ತಾನು ಸ್ನಾನ ಬಿಟ್ಟು ಮಗಳಿಗೆ ನೀರು ಹೊಯ್ಯುತ್ತಿದ್ದಳು.

ಪಕ್ಕದ ಮನೆಯಲ್ಲಿದ್ದವರು ಸತ್ಯವತಿ. ಹತ್ತಿರದ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಅವರ ಗಂಡನಿಗೆ ಆಗಾಗ ವರ್ಗವಾಗುತ್ತಿದ್ದುದರಿಂದ ಅವರು ಊರೂರು ತಿರುಗಿ, ಬಾಡಿಗೆ ಮನೆಗಳ ಸುಖದುಃಖ ಕಂಡವರು. ಒಂದು ದಿನ ಅವರು ಬೀದಿ ನಲ್ಲಿಯ ಹತ್ತಿರ ನೀಲಮ್ಮನನ್ನು ನೋಡಿದರು.

“ಏನ್ ನೀಲಮ್ಮ, ಇಲ್ಲಿಗ್ಯಾಕೆ ಬರ್ತೀರಾ? ಸಾಲಲ್ವಾ?”

“ಕೂಸಿನ ಬಟ್ಟಿ ಭಾಳ ಆಗ್ತಾವ್ರಿ ಟೀಚರ್.”

“ನಿಮ್ಮ ಭಾವನ ಮಗಳು ಊರಿಗೆ ಹೋಗೋದು ಯಾವಾಗ?”

“ಹೋಗ್ತಾಳ್ರಿ. ಇನ್ನೇನು ಹೋಗ್ತಾಳ.”

ಹೀಗೆ ದಿನ ಕಳೆದವು. ಶಂಭುಲಿಂಗಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಗಟ್ಟಿಯಾಯಿತು. ಅವನು ಸಂಜೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಮಗಳಿಗೆ, “ಈಗ ಅಪ್ಪ ಅನ್ನು” ಎನ್ನುತ್ತಿದ್ದ. ಮೊದಮೊದಲು ಅವಳು ಪಿಸುಮಾತಿನಲ್ಲಿ ಅಪ್ಪಾ ಎಂದು ಕತ್ತು ತಬ್ಬಿಕೊಳ್ಳುತ್ತಿದ್ದಳು. ಬರಬರುತ್ತ, “ಗ್ವಾಡಿ ಆಚೆ ಕೇಳಿಸ್ತೈತಿ” ಎಂದು ಸುಮ್ಮನಿರಲು ಶುರು ಮಾಡಿದಳು.

ಒಂದು ಮಧ್ಯಾಹ್ನ ನೀಲಮ್ಮ ಒಣಗಿದ ಬಟ್ಟೆ ಮಡಿಸಿಡುತ್ತಿದ್ದಾಗ ಗಿರಿಜಾಳ ಲಂಗ, ಜಾಕೀಟು ಯಾವುದೂ ಗೂಡಿನಲ್ಲಿರಲಿಲ್ಲ. ಹುಡುಕಿದರೆ, ಊರಿನಿಂದ ತಂದ ಕೈಚೀಲದಲ್ಲಿ ಅಚ್ಚುಕಟ್ಟಾಗಿ ಮಡಿಸಿ ಇಟ್ಟಿದ್ದಳು. ಅದರ ಮೇಲೆ ಬಾಚಣಿಗೆ.

“ಇದ್ಯಾಕ ಇಲ್ಲಿಟ್ಟೀಯವ್ವ? ಗೂಡಿನಾಗ ಜಾಗ ಐತಲ್ಲ?”

“ನೆಂಟರು ಚೀಲದಾಗ ಇಡ್ತಾರಲ್ಲ” ಅಂದಳು ಗಿರಿಜಾ. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಗೊತ್ತಿರುವ ವಿಷಯ ಹೇಳಿದಂತೆ ಹೇಳಿ, ತಮ್ಮನನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು.

ನೀಲಮ್ಮ ಬಟ್ಟೆಗಳನ್ನೆಲ್ಲ ತೆಗೆದು ಗೂಡಿನಲ್ಲಿಟ್ಟಳು. ಮಾರನೆಯ ದಿನ ನೋಡಿದರೆ ಮತ್ತೆ ಚೀಲಕ್ಕೇ ಹೋಗಿದ್ದವು.

ಮೇ ತಿಂಗಳು ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ನೀರು ಹಿಡಿಯುವ ಹೊತ್ತಿನಲ್ಲಿ ಅಂಗಳದ ತುಂಬ ಜನ. ಗಿರಿಜಾ ಚೊಂಬು ಹಿಡಿದು ಓಡಿ ಬಂದು ನಲ್ಲಿಯ ಮುಂದಿನ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿದಳು. ಗದ್ದ ಕಲ್ಲಿಗೆ ಬಡಿದು ರಕ್ತ ಸುರಿಯಿತು. ಎಲ್ಲರೂ ತಿರುಗಿ ನೋಡಿದರು.

ಅವಳು ಬಾಯಿ ತೆರೆದಳು. ಸದ್ದು ಬರಲಿಲ್ಲ. ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದಳು. ಮೆಟ್ಟಿಲ ಮೇಲಿದ್ದ ಪದ್ಮನಾಭಯ್ಯನವರನ್ನು ನೋಡಿದಳು. ಆಮೇಲೆ ಕೂಗಿದಳು.

“ಚಿಗವ್ವಾ!”

ನೀಲಮ್ಮ ಬಿಂದಿಗೆ ಬಿಟ್ಟು ಓಡಿದಳು. ಸತ್ಯವತಿ ಟವಲು ತಂದು ಗದ್ದಕ್ಕೆ ಒತ್ತಿ ಹಿಡಿದರು. ಇಬ್ಬರೂ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದರು. ಹೊಲಿಗೆ ಹಾಕುವಾಗ ಗಿರಿಜಾ ಚೀರಾಡಿದಳು. ಆಗಲೂ ಅವಳ ಬಾಯಲ್ಲಿ ಬಂದದ್ದು ಅದೇ ಮಾತು.

ಆ ಸಂಜೆ ಸತ್ಯವತಿ ಮಗುವನ್ನು ನೋಡಲು ಬಂದರು. ಗಿರಿಜಾ ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಶಂಭುಲಿಂಗಪ್ಪ ಕೆಲಸದಿಂದ ಆಗಷ್ಟೇ ಬಂದಿದ್ದ. ಸತ್ಯವತಿ ಬಾಗಿಲು ಮುಂದೆ ಮಾಡಿ ಕೂತರು.

“ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನು ದಿನಾ ಚಿಕ್ಕ ಮಕ್ಕಳ ಜೊತೆ ಇರೋಳು. ಬಿದ್ದ ಮಗು ಯೋಚನೆ ಮಾಡಿ ಕೂಗಲ್ಲ. ಇವತ್ತು ಇವಳು ಯೋಚನೆ ಮಾಡಿ ಕೂಗಿದ್ಲು. ಈ ಮಗು ಯಾರದು?”

ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಂಭುಲಿಂಗಪ್ಪ ಗೋಡೆ ನೋಡುತ್ತ ಹೇಳಿದ.

“ನಮ್ಮಾಕಿನ ರೀ.”

“ಹೂಂ.”

“ನಾನೇನು ಹುಟ್ಟಾ ಸುಳ್ಳು ಹೇಳಾಂವ ಅಲ್ರಿ ಟೀಚರ್. ನಿಜಾ ಹೇಳಿಕೋಂತ ಎಷ್ಟು ಬಾಗಿಲಿಗೆ ಹೋಗೀನಿ ಅಂತ ನಿಮಗ ಗೊತ್ತಿಲ್ಲ. ನಾಲ್ಕು ಅಂದ್ರ ಸಾಕು, ಬಾಗಿಲು ಹಾಕ್ಕೋತಾರ. ಇನ್ನೇನು ಮಾಡಬೇಕಿತ್ರಿ? ಇವರನ್ನ ಊರಾಗ ಬಿಟ್ಟು ನಾನೊಬ್ಬನ ಇಲ್ಲಿ ಇರಬೇಕಿತ್ತಾ?”

“ನೀವು ಹೇಳೋದು ಸುಳ್ಳಲ್ಲ. ಮಕ್ಕಳಿದ್ರೆ ಮನೆ ಕೊಡದೆ ಇರೋರು ಬೇಕಾದಷ್ಟು ಜನ ಇದಾರೆ. ನಮಗೂ ಆಗಿದೆ” ಎಂದರು ಸತ್ಯವತಿ. “ಆದ್ರೆ ಈಗ ಏನ್ ಮಾಡ್ತೀರಾ? ಜೂನ್‌ನಲ್ಲಿ ಸ್ಕೂಲು ಶುರುವಾಗುತ್ತೆ. ಇವಳನ್ನ ಒಂದನೇ ಕ್ಲಾಸಿಗೆ ಸೇರಿಸ್ಬೇಕಲ್ವಾ?”

ಶಂಭುಲಿಂಗಪ್ಪ ಅದನ್ನೂ ಯೋಚಿಸಿದ್ದ. “ಸೇರಸ್ತೀನ್ರಿ. ತಂದೆ ಹೆಸರು ಅಂತ ನಮ್ಮ ಅಣ್ಣನ ಹೆಸರು ಹೇಳಿದ್ರಾತು. ಅಡ್ಡಹೆಸರು ಒಂದ ಐತಲ್ಲ. ಆಮ್ಯಾಲೆ ಎಂದಾರ ತಿದ್ದಿಸಿದ್ರಾತು.”

ನೀಲಮ್ಮ ತಟ್ಟನೆ ಗಂಡನ ಮುಖ ನೋಡಿದಳು. ಈ ಮಾತು ಅವಳಿಗೆ ಹೊಸದು.

“ಏನಂದ್ರಿ?”

“ಸುಮ್ಮನ ಹೆಸರು ಬರಸೂದಷ್ಟ ಅಲ್ಲೇನ?”

“ಹೆಸರು ಬರಸೂದಷ್ಟ?” ನೀಲಮ್ಮ ದನಿ ಏರಿಸಲಿಲ್ಲ. “ಚಿಗವ್ವ ಅಂದ್ಳು, ಅನಿಸ್ಕೊಂಡೆ. ನೀರು ಹೊತ್ತೆ. ಮನಿ ಬೇಕಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ. ಸಾಲಿಯಾಗೂ ಆಕಿ ನನ್ನ ಮಗಳಲ್ಲ ಅಂತ ಬರಸ್ತೀರಾ? ಹಂಗಾರ ನಾನು ಮಕ್ಕಳನ್ನ ಕರ್ಕೊಂಡು ನಾಳೆನ ದಾವಣಗೇರಿಗೆ ಹೋಕ್ಕೀನಿ. ನೀವು ಈ ಮನೀನ ಇಟ್ಕೊರ್ರಿ.”

ಶಂಭುಲಿಂಗಪ್ಪ ತಲೆ ತಗ್ಗಿಸಿದ. ಸತ್ಯವತಿ ಮೆತ್ತಗೆ ಹೇಳಿದರು.

“ನೋಡಿ, ಸ್ಕೂಲಿನ ರಿಜಿಸ್ಟರಿಗೆ ಒಂದು ಸಲ ಹೋದ ಹೆಸರು ಎಸ್ಸೆಸ್ಸೆಲ್ಸಿವರೆಗೂ ಹಿಂದೇನೇ ಬರುತ್ತೆ. ನಾಳೆ ಅವಳ ಕೆಲಸಕ್ಕೆ, ಮದುವೆಗೆ, ಎಲ್ಲಕ್ಕೂ ಅದೇ. ತಿದ್ದಿಸೋದು ನೀವಂದುಕೊಂಡಷ್ಟು ಸುಲಭ ಅಲ್ಲ. ಅಲ್ದೆ ನಾನೇ ಆ ಸ್ಕೂಲಲ್ಲಿದೀನಿ. ಗೊತ್ತಿದ್ದೂ ಗೊತ್ತಿದ್ದೂ ನಾನು ಹೆಂಗೆ ಬರೀಲಿ?”

“ಮತ್ತ ಮಾಲಕರಿಗೆ ಹೇಳಿದ್ರ ಮನಿ ಬಿಡಸ್ತಾರಲ್ರಿ” ಎಂದ ಶಂಭುಲಿಂಗಪ್ಪ.

“ಬಿಡಿಸಬಹುದು. ಬಿಡಿಸದೆಯೂ ಇರಬಹುದು. ಆದ್ರೆ ನೀವು ಮನೆ ಹುಡುಕಿದ್ದು ಎಲ್ಲೆಲ್ಲಿ? ರಾಜಾಜಿನಗರ, ವಿಜಯನಗರ, ಅಷ್ಟೇ ತಾನೆ? ಕೆಲಸದ ಹತ್ತಿರಾನೇ ಇರಬೇಕು ಅಂತ ಎಲ್ಲರೂ ಇಲ್ಲೇ ಬಂದು ಮುಗಿಬೀಳ್ತಾರೆ. ಮಾಗಡಿ ರಸ್ತೇಲಿ ಸ್ವಲ್ಪ ಮುಂದಕ್ಕೆ ಹೋಗಿ. ಸುಂಕದಕಟ್ಟೆ ಕಡೆ ನೋಡಿ. ಇಲ್ಲ ನಾಯಂಡಹಳ್ಳಿ ಕಡೆ. ಅಲ್ಲಿ ಹಳ್ಳಿಯವರು ತಮ್ಮ ಜಾಗದಲ್ಲೇ ಸಾಲಾಗಿ ಹೆಂಚಿನ ಮನೆ ಕಟ್ಟಿ ಬಾಡಿಗೆಗೆ ಕೊಡ್ತಾ ಇದಾರೆ. ಬಾಡಿಗೆ ಕಡಿಮೆ, ಜಾಗ ಜಾಸ್ತಿ. ನಿಮಗೆ ಸೈಕಲ್ ತುಳಿಯೋದು ಸ್ವಲ್ಪ ಹೆಚ್ಚಾಗುತ್ತೆ, ಕರೆಂಟು ಇರುತ್ತೋ ಇಲ್ವೋ, ಬಸ್ಸು ಕಡಿಮೆ. ಅದೆಲ್ಲ ಮೊದಲೇ ಕೇಳಿ ತಿಳ್ಕೊಳ್ಳಿ. ಹಾಗೇ ಹೌಸಿಂಗ್ ಬೋರ್ಡಿನವರು ಮನೆಗೆ ಅರ್ಜಿ ಕರೆದಾಗ ಪೇಪರಲ್ಲಿ ಬರುತ್ತೆ, ಅದನ್ನ ನಾನು ನಿಮಗೆ ಹೇಳ್ತೀನಿ. ಇವತ್ತೇ ಸಿಗಲ್ಲ. ಆದ್ರೆ ಹಾಕದೆ ಇದ್ರೆ ಎಂದೂ ಸಿಗಲ್ಲ.”

“ಅವರೂ ಎಷ್ಟು ಮಂದಿ ಅಂತ ಕೇಳ್ತಾರಲ್ರಿ?”

“ಕೇಳಲಿ. ನಾಲ್ಕು ಅಂದ್ರೆ ಕೊಡದೆ ಇರೋ ಮನೇಲಿ ನಾಲ್ಕು ಜನ ಹೆಂಗೆ ಬಾಳ್ತೀರಿ? ನೋಡಿದ್ರಲ್ಲ, ಇಲ್ಲಿ ಹೆಂಗಾಯ್ತು.”

ಶಂಭುಲಿಂಗಪ್ಪ ಮಲಗಿದ್ದ ಮಗಳ ಕಡೆ ನೋಡಿದ. ಅವಳ ತಲೆಯ ಹತ್ತಿರ ಆ ಕೈಚೀಲವಿತ್ತು. ಅವನು ಎದ್ದು, ಅಂಗಿ ಹಾಕಿಕೊಂಡು, “ಈಗಲೇ ಹೋಗಿ ಹೇಳ್ತೀನಿ. ಬೆಳಗಾದ್ರ ನನಗ ಧೈರ್ಯ ಬರಾಂಗಿಲ್ಲ” ಎಂದು ಮಹಡಿ ಹತ್ತಿದ. ನೀಲಮ್ಮ ಕೂಸನ್ನೆತ್ತಿಕೊಂಡು ಹಿಂದೆ ಹೋದಳು.

ಪದ್ಮನಾಭಯ್ಯನವರು ರೇಡಿಯೋ ವಾರ್ತೆ ಕೇಳುತ್ತಿದ್ದರು. ವಿಷಯ ಕೇಳಿ ರೇಡಿಯೋ ನಿಲ್ಲಿಸಿದರು. ಅವರ ಮುಖ ಕೆಂಪಾಯಿತು.

“ಅಲ್ರೀ, ನಾನೇನು ಮಕ್ಕಳನ್ನ ತಿನ್ನೋ ರಾಕ್ಷಸನಾ? ಹೆತ್ತ ಮಗಳನ್ನ ನೆಂಟಳು ಅಂತ ಹೇಳ್ಕೊಂಡು ಓಡಾಡಿದೀರಲ್ಲ!”

“ತಪ್ಪಾತ್ರಿ ಸಾರ್.”

“ಮೊದಲೇ ಹೇಳೋಕೆ ಏನಾಗಿತ್ತು?”

“ಹೇಳಿದ್ರ ಮನಿ ಕೊಡ್ತಿದ್ರೇನ್ರಿ?”

ಪದ್ಮನಾಭಯ್ಯನವರು ಸುಳ್ಳು ಹೇಳುವ ಮನುಷ್ಯರಲ್ಲ. “ಬಹುಶಃ ಕೊಡ್ತಿರ್ಲಿಲ್ಲ” ಎಂದರು. “ಒಂದು ನಲ್ಲಿ, ಒಂದು ಕಕ್ಕಸು. ಎಷ್ಟು ಜನ ಅಂತ ನಾನು ಕೇಳೋದೇ ಅದಕ್ಕೆ. ಕೇಳದೆ ಇದ್ರೆ ಇಲ್ಲಿ ದಿನಾ ಕುಸ್ತಿ.”

ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಸೀತಮ್ಮ ನಿಂತಿದ್ದರು. “ನನಗೆ ಮೊದಲ ದಿನಾನೇ ಗೊತ್ತಾಯ್ತು. ಆ ಹುಡುಗಿ ಹಣೆ ನೋಡಿದ್ರೆ ಸಾಕು, ಥೇಟ್ ಅವರಪ್ಪನದೇ.”

“ಗೊತ್ತಿದ್ರೆ ಹೇಳೋದಲ್ವೇನೇ?”

“ನೀವು ಬಿಂದಿಗೆ ಲೆಕ್ಕ ಕೇಳಿದ್ರಿ. ಹಣೆ ಲೆಕ್ಕ ಯಾವತ್ತು ಕೇಳಿದ್ರಿ?”

ಪದ್ಮನಾಭಯ್ಯನವರಿಗೆ ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಕೊನೆಗೆ ನೀಲಮ್ಮನ ಕಡೆ ತಿರುಗಿದರು. “ನೋಡಮ್ಮ, ನಾಲ್ಕು ಜನಕ್ಕೆ ಆ ಮನೆ ಇಕ್ಕಟ್ಟು. ಬೇರೆ ನೋಡ್ಕೊಳ್ಳಿ. ಸಿಗೋವರೆಗೂ ಇರಿ, ನಾನು ಅವಸರ ಮಾಡಲ್ಲ. ನಾಳೆಯಿಂದ ಆ ಮಗು ಪಾಲಿನ ನೀರು ಹಿಡ್ಕೊಳ್ಳಿ. ಬೀದಿ ನಲ್ಲೀಗೆ ಹೋಗೋದು ಬೇಡ.”

ಮುಂದಿನ ಭಾನುವಾರ ಸಂಸಾರವೆಲ್ಲ ಸುಂಕದಕಟ್ಟೆಗೆ ಹೊರಟಿತು. ಈ ಸಲ ಶಂಭುಲಿಂಗಪ್ಪ ಒಬ್ಬನೇ ಹೋಗಲಿಲ್ಲ. ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡ. ನೀಲಮ್ಮ ಕೂಸಿನ ಜೊತೆ ಬಸ್ಸಿನಲ್ಲಿ ಬಂದಳು. ಮೊದಲು ನೋಡಿದ ಮನೆಯವರು ಮಕ್ಕಳನ್ನು ಕಂಡು ಬೇಡವೆಂದರು. ಎರಡನೆಯದಕ್ಕೆ ನೀರು ಬಲು ದೂರ. ಬಿಸಿಲು ಏರಿತು. ಶಂಭುಲಿಂಗಪ್ಪನ ಮುಖ ಸಣ್ಣದಾಯಿತು. “ನೋಡಿದೇನ, ನಾನು ಹೇಳಿರಲಿಲ್ಲಾ?” ಅಂದ. “ಇನ್ನೊಂದು ನೋಡೂಣು ನಡ್ರಿ” ಅಂದಳು ನೀಲಮ್ಮ.

ಊರ ಬದಿಯಲ್ಲಿ ಮುನಿರಾಮಯ್ಯ ಎಂಬ ರೈತರು ಹೊಸದಾಗಿ ಮೂರು ಹೆಂಚಿನ ಮನೆ ಕಟ್ಟಿದ್ದರು. ಅವರು ಹಸುವಿನ ಮೈ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದರು.

“ಎಷ್ಟ್ ಜನ ಸಾಮಿ?”

“ನಾಲ್ಕು ಮಂದಿ ರೀ. ಇವರ ನೋಡ್ರಿ, ಇಲ್ಲೇ ಅದೇವಿ. ಎಲ್ಲಾರನ್ನೂ ಕರ್ಕೊಂಡು ಬಂದೀನಿ. ಇಷ್ಟ ಮಂದಿ, ಇನ್ನ ಯಾರೂ ಇಲ್ಲ.”

ಮುನಿರಾಮಯ್ಯನವರು ನಕ್ಕರು. “ಅದ್ಯಾಕಪ್ಪ ಸಾಕ್ಷಿ ಹೇಳೋನಂಗೆ ಹೇಳ್ತೀಯ? ನಮ್ಮನೇಲಿ ಹನ್ನೊಂದ್ ಜನ ಅವ್ರೆ, ನಿಂದ್ಯಾವ ಮಹಾ. ಬಾವಿ ಐತೆ, ಸೇದ್ಕೊಬೇಕು. ಕರೆಂಟ್ ಇನ್ನೂ ಬಂದಿಲ್ಲ, ಬರ್ತದೆ ಅಂತಾವ್ರೆ. ಮಕ್ಕಳನ್ನ ಬಾವಿ ತಾವ ಬಿಡಬ್ಯಾಡಿ, ಅದೊಂದೇ ನಾನು ಹೇಳಾದು.”

ಸತ್ಯವತಿ ಹೇಳಿಕೊಟ್ಟಿದ್ದನ್ನೆಲ್ಲ ನೀಲಮ್ಮ ಕೇಳಿದಳು. ಬೇಸಿಗೆಯಲ್ಲಿ ಬಾವಿ ಬತ್ತುತ್ತದೆಯೇ, ಕಕ್ಕಸು ಎಷ್ಟು ಮನೆಗೆ ಒಂದು, ಶಾಲೆ ಎಷ್ಟು ದೂರ, ಬೆಳಗಿನ ಮೊದಲ ಬಸ್ಸು ಯಾವಾಗ. ಎಲ್ಲ ಉತ್ತರವೂ ಒಳ್ಳೆಯದಾಗಿರಲಿಲ್ಲ. ಆದರೂ ಎಲ್ಲವೂ ತಿಳಿದ ಮೇಲೆ ಒಪ್ಪಿಕೊಂಡರು.

ಜೂನ್ ಮೊದಲ ವಾರ ಆ ಮನೆಗೆ ಬಂದು, ಸುಂಕದಕಟ್ಟೆಯ ಶಾಲೆಯಲ್ಲಿ ಹೆಸರು ಬರೆಸಲು ತಾಯಿತಂದೆ ಇಬ್ಬರೂ ಹೋದರು. ಮೇಷ್ಟ್ರು ಗಿರಿಜಾಳನ್ನೇ ಕೇಳಿದರು. “ನಿಮ್ಮಪ್ಪನ ಹೆಸರೇನಮ್ಮ?”

ಅವಳು ತಂದೆಯ ಮುಖ ನೋಡಿದಳು. ಹೇಳಬಹುದೇ ಎಂದು ಕೇಳುವ ಹಾಗೆ ನೋಡಿದಳು. ಶಂಭುಲಿಂಗಪ್ಪ ಹೂಂ ಎಂದು ತಲೆಯಾಡಿಸಿದ.

“ಶಂಭುಲಿಂಗಪ್ಪ” ಅಂದಳು ಗಿರಿಜಾ, ಮೆಲ್ಲಗೆ.

ಹಾಗೆಂದು ಎಲ್ಲವೂ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ನಾಲಿಗೆಗೆ ಆದ ರೂಢಿ ಬೇಗ ಬಿಡುವುದಿಲ್ಲ. ಆ ಮಳೆಗಾಲದಲ್ಲಿ ಬಹಳ ದಿನ ಶಾಲೆಯಿಂದ ಬಂದವಳು ಬಾಗಿಲಲ್ಲಿ ನಿಂತು ಒಮ್ಮೊಮ್ಮೆ ಚಿಗವ್ವಾ ಎಂದೇ ಕರೆಯುತ್ತಿದ್ದಳು. ಶಂಭುಲಿಂಗಪ್ಪ ತಿದ್ದಲು ಹೋದರೆ ನೀಲಮ್ಮ ತಡೆಯುತ್ತಿದ್ದಳು. ಏನೆಂದು ಕರೆದರೂ ಓ ಎನ್ನುತ್ತಿದ್ದಳು, ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ದುಡಿಮೆಗಾಗಿ ಊರು ಬಿಟ್ಟು ಬರುವುದು ತಪ್ಪಲ್ಲ. ಕಡಿಮೆ ಬಾಡಿಗೆಯ ಮನೆ ಹುಡುಕುವುದೂ ತಪ್ಪಲ್ಲ. ಆದರೆ ಮನೆ ಸಿಗಲೆಂದು ಮನೆಯವರಲ್ಲಿ ಒಬ್ಬರನ್ನು ಮುಚ್ಚಿಡಬೇಡಿ. ಮುಚ್ಚಿಟ್ಟವರ ಪಾಲಿನ ನೀರು, ಜಾಗ, ಶಾಲೆ ಎಲ್ಲವೂ ಹೋಗುತ್ತದೆ. ಶಾಲೆಯಲ್ಲಿ ಮಗುವಿನ ನಿಜವಾದ ತಂದೆತಾಯಿಯ ಹೆಸರನ್ನೇ ಬರೆಸಿ. ಕೆಲಸದ ಹತ್ತಿರ ಮನೆ ಸಿಗದಿದ್ದರೆ ಸ್ವಲ್ಪ ದೂರ ಹೋಗಿ ನೋಡಿ, ನೀರಿನ ವಿಷಯ, ಬಸ್ಸಿನ ವಿಷಯ ಮೊದಲೇ ಕೇಳಿ. ಬಾಡಿಗೆಗೆ ಮನೆ ಕೊಡುವವರೇ, ಬಾಗಿಲಿಗೆ ಬಂದವರನ್ನು ಎಷ್ಟು ಜನ ಎಂದು ಕೇಳಿ, ಕೇಳಲೇಬೇಕು. ಆದರೆ ಮಕ್ಕಳಿದ್ದಾರೆ ಎಂಬ ಒಂದೇ ಮಾತಿಗೆ ಬಾಗಿಲು ಹಾಕಬೇಡಿ. ನೀವು ಹಾಗೆ ಹಾಕಿದ ಬಾಗಿಲಿನ ಮುಂದೆಯೇ ಸುಳ್ಳು ಹೇಳುವುದನ್ನು ಜನ ಕಲಿಯುತ್ತಾರೆ.

ಮನೆ ನೋಡಲು ಹೊರಟಾಗ ಮಕ್ಕಳ ತಲೆ ಬಾಚಿ, ಒಳ್ಳೆಯ ಅಂಗಿ ತೊಡಿಸಿ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಾಗಿಲು ತೆರೆದವರ ಮುಂದೆ ಅವರನ್ನೇ ಮೊದಲು ನಿಲ್ಲಿಸಿ.